ಒಗೆಯುವ ಬಟ್ಟೆಗೊಂದು ಚಂದದ ಚೀಲ: ಕಾಸರಗೋಡಿನ ಮಳೆಗೆ ತಡೆಯುವಂಥದ್ದನ್ನು ಆರಿಸುವುದು ಹೇಗೆ?

ಕೊಳೆ ಬಟ್ಟೆ ಹಾಕಿಡುವ ಚೀಲ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ರೇಟು. ನಮ್ಮ ಕಡೆ ಈ ಕ್ರಮ ನಡೆಯುವುದಿಲ್ಲ. ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗೆ, ಒಳಗೆ ಬದಿಯಡ್ಕ, ಪೆರ್ಲ, ಮುಳ್ಳೇರಿಯದವರೆಗೆ ಎಲ್ಲಿ ಹೋದರೂ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಆ ನಾಲ್ಕು ತಿಂಗಳು ಗಾಳಿಯಲ್ಲೇ ನೀರಿರುತ್ತದೆ. ಬೆವರು ಹಿಡಿದ ಅಂಗಿಯನ್ನು ಗಾಳಿಯಾಡದ ಚೀಲದಲ್ಲಿ ಎರಡು ದಿನ ಮುಚ್ಚಿಟ್ಟರೆ ಕಮಟು ವಾಸನೆ ಬರುತ್ತದೆ. ಇನ್ನೆರಡು ದಿನ ಬಿಟ್ಟರೆ ಕರಿ ಚುಕ್ಕೆಯ ಬೂಸ್ಟು. ಬಿಳಿ ಮುಂಡಿಗೆ, ಅಂದರೆ ಪಂಚೆಗೆ, ಒಮ್ಮೆ ಆ ಚುಕ್ಕೆ ಬಿದ್ದರೆ ಪೂರ್ತಿ ಹೋಗಿಸುವುದು ತುಂಬಾ ಕಷ್ಟ.

ಹಾಗಾಗಿ ನಾನು ಹೇಳುವ ಕ್ರಮವೇ ಬೇರೆ. ಮೊದಲು ಗಾಳಿ, ಆಮೇಲೆ ಅಳತೆ, ಆಮೇಲೆ ಹಿಡಿಕೆಯ ಗಟ್ಟಿತನ, ಕೊನೆಗೆ ಚಂದ. ಚಂದ ಕೊನೆಗೆ ಬಂದರೂ ಅದನ್ನು ಬಿಟ್ಟುಕೊಡಬೇಕಾಗಿಲ್ಲ. ದಿನಾ ಕಣ್ಣಿಗೆ ಬೀಳುವ ವಸ್ತು ಅದು, ನೋಡಲಿಕ್ಕೆ ಹಿತವಾಗಿರಲೇಬೇಕು. ಕಡಿಮೆ ದುಡ್ಡಿನಲ್ಲೂ ಆಗುತ್ತದೆ.

ಮೊದಲ ಹೆಜ್ಜೆ: ಅಂಗಡಿಗೆ ಹೋಗುವ ಮೊದಲು ಹಗ್ಗ ಅಳೆಯಿರಿ

ಚೀಲ ಎಷ್ಟು ದೊಡ್ಡದಿರಬೇಕು? ಮನೆಯಲ್ಲಿ ಎಷ್ಟು ಜನ ಎಂಬ ಲೆಕ್ಕ ಹಾಕುವವರೇ ಜಾಸ್ತಿ. ವಾಷಿಂಗ್ ಮೆಷಿನ್ ಎಷ್ಟು ಕಿಲೋದ್ದು ಎಂದು ನೋಡುವವರೂ ಇದ್ದಾರೆ. ಎರಡೂ ತಪ್ಪಲ್ಲ. ಆದರೆ ಮಳೆಗಾಲದಲ್ಲಿ ಒಗೆಯುವುದು ದೊಡ್ಡ ವಿಷಯವೇ ಅಲ್ಲ, ಒಣಗಿಸುವುದು ದೊಡ್ಡ ವಿಷಯ. ಜೋರು ಮಳೆಯ ಆಟಿ ತಿಂಗಳಲ್ಲಿ ಮಾಡಿನ ಅಡಿಯಲ್ಲಿ ನಿಮಗೆ ಎಷ್ಟು ಉದ್ದದ ಹಗ್ಗ ಉಂಟೋ ಅಷ್ಟೇ ಬಟ್ಟೆ ಒಂದು ಸಲಕ್ಕೆ ಒಗೆಯಲಿಕ್ಕಾಗುವುದು. ಚೀಲವೂ ಅಷ್ಟೇ ಬಟ್ಟೆ ಹಿಡಿದರೆ ಸಾಕು. ಅದಕ್ಕಿಂತ ದೊಡ್ಡದಾದರೆ ತಳದ ಬಟ್ಟೆಗೆ ಸರದಿಯೇ ಬರುವುದಿಲ್ಲ. ಅಲ್ಲೇ ಕೂತು ಬೂಸ್ಟು ಹಿಡಿಯುತ್ತದೆ.

ಲೆಕ್ಕ ಹೀಗೆ. ಜಗಲಿಯಲ್ಲಿ ಮೂರು ಮೀಟರ್‌ನ ನಾಲ್ಕು ಹಗ್ಗ ಇದೆ ಎಂದುಕೊಳ್ಳಿ, ಒಟ್ಟು 12 ಮೀಟರ್. ಒಂದು ಅಂಗಿ ಹರಡಲು ಸುಮಾರು 60 ಸೆಂಟಿಮೀಟರ್ ಬೇಕು. ಸ್ನಾನದ ಬೈರಾಸಿಗೆ (ಟವೆಲಿಗೆ) 75, ಲುಂಗಿಗೆ 120. ಐದು ಅಂಗಿಗೆ 3 ಮೀಟರ್, ಮೂರು ಬೈರಾಸಿಗೆ ಎರಡೂಕಾಲು, ಮೂರು ಲುಂಗಿಗೆ ಸುಮಾರು ಮೂರೂವರೆ. ಉಳಿದ 3 ಮೀಟರ್ ಚಿಲ್ಲರೆ ಬಟ್ಟೆಗೆ. ಹಗ್ಗ ತುಂಬಿತು.

ಈಗ ಅದರ ತೂಕ ನೋಡೋಣ. ಹತ್ತಿಯ ಅಂಗಿ ಸುಮಾರು 200ರಿಂದ 250 ಗ್ರಾಂ ಇರುತ್ತದೆ, ಲುಂಗಿಯೂ ಅಷ್ಟೇ. ದಪ್ಪ ಬೈರಾಸು 400ರಿಂದ 500 ಗ್ರಾಂ. ತೋರ್ತು ಎಂಬ ತೆಳು ಬೈರಾಸು ಆದರೆ ಅದಕ್ಕಿಂತ ಬಹಳ ಹಗುರ. ಮೇಲೆ ಹೇಳಿದ್ದೆಲ್ಲ ಸೇರಿದರೆ ಸುಮಾರು ನಾಲ್ಕು ಕಿಲೋ. ಒತ್ತಿ ತುರುಕದೆ ಸಡಿಲವಾಗಿ ಹಾಕಿದರೆ ಒಂದು ಕಿಲೋ ಬಟ್ಟೆಗೆ ಹತ್ತು ಲೀಟರ್ ಜಾಗ ಬೇಕು. ಅಲ್ಲಿಗೆ 40 ಲೀಟರ್‌ನ ಚೀಲ ಸರಿಹೋಯಿತು. ನಿಮ್ಮ ಹಗ್ಗ ಉದ್ದವಿದ್ದರೆ ದೊಡ್ಡ ಚೀಲ, ಗಿಡ್ಡವಿದ್ದರೆ ಚಿಕ್ಕದು.

ಜೀನ್ಸ್ ಜಾಸ್ತಿ ಹಾಕುವ ಮಕ್ಕಳಿದ್ದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಒಂದು ಜೀನ್ಸ್ 600ರಿಂದ 800 ಗ್ರಾಂ ತೂಗುತ್ತದೆ, ಮಳೆಯಲ್ಲಿ ಮೂರು ದಿನವಾದರೂ ಸೊಂಟಪಟ್ಟಿ ಒಣಗುವುದಿಲ್ಲ. ಬೆಡ್‌ಶೀಟನ್ನು ಈ ಲೆಕ್ಕದಲ್ಲಿ ಸೇರಿಸಬೇಡಿ. ಅದನ್ನು ಹಾಸಿಗೆಯಿಂದ ತೆಗೆದ ದಿನವೇ ಒಗೆದುಬಿಡಿ, ಚೀಲಕ್ಕೆ ಹಾಕುವ ಅಗತ್ಯವೇ ಇಲ್ಲ.

ಅಂಗಡಿಯ ಚೀಲದ ಮೇಲೆ ಎಷ್ಟೋ ಸಲ ಲೀಟರ್ ಬರೆದಿರುವುದಿಲ್ಲ. ಒಂದು ಟೇಪು ಇದ್ದರೆ ನೀವೇ ಕಂಡುಹಿಡಿಯಬಹುದು. ಚೌಕದ ಚೀಲವಾದರೆ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿ. 30 × 30 × 50 ಅಂದರೆ 45 ಲೀಟರ್. ದುಂಡಗಿನದಾದರೆ ಬಾಯಿಯ ಅಗಲದ ಅರ್ಧ ತೆಗೆದುಕೊಳ್ಳಿ. ಅದನ್ನು ಅದರಿಂದಲೇ ಗುಣಿಸಿ, 3.14ರಿಂದ ಗುಣಿಸಿ, ಎತ್ತರದಿಂದ ಗುಣಿಸಿ, ಕೊನೆಗೆ ಸಾವಿರದಿಂದ ಭಾಗಿಸಿ. 35 ಸೆಂಟಿಮೀಟರ್ ಅಗಲ, 45 ಎತ್ತರದ ಚೀಲ ಸುಮಾರು 43 ಲೀಟರ್ ಹಿಡಿಯುತ್ತದೆ. 40 ಅಗಲ, 50 ಎತ್ತರ ಆದರೆ ಸುಮಾರು 63. ನೋಡಲಿಕ್ಕೆ ಎರಡೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ, ಒಳಗೆ 20 ಲೀಟರ್ ವ್ಯತ್ಯಾಸ!

ಎತ್ತರ 60 ಸೆಂಟಿಮೀಟರ್ ದಾಟದಿರಲಿ. ಅದಕ್ಕಿಂತ ಆಳವಾದರೆ ತಳದ ಕರವಸ್ತ್ರ ತೆಗೆಯಲಿಕ್ಕೆ ಅಮ್ಮನೋ ಅಜ್ಜಿಯೋ ಸೊಂಟ ಬಗ್ಗಿಸಿ ಪರದಾಡಬೇಕು.

ಎರಡನೆಯದು: ಜಾಗ

ಸ್ನಾನದ ಕೋಣೆಯ ಒಳಗೆ ಇಡಬೇಡಿ, ಅದರಲ್ಲೂ ಕಿಟಕಿ ಇಲ್ಲದ ಅಟ್ಯಾಚ್ಡ್ ಬಾತ್‌ರೂಮ್‌ನಲ್ಲಿ ಬೇಡವೇ ಬೇಡ. ಬಿಸಿನೀರಿನ ಹಬೆ ಅಲ್ಲೇ ಸುತ್ತುತ್ತಿರುತ್ತದೆ. ಬಾಗಿಲಿನ ಹೊರಗೆ, ಗಾಳಿ ಓಡಾಡುವ ಕಡೆ ಇಡಿ. ಹಳೆಯ ಮುರಕಲ್ಲಿನ ಗೋಡೆ ಮಳೆಗಾಲದಲ್ಲಿ ತೇವ ಹಿಡಿಯುತ್ತದೆ, ಅಲ್ವಾ? ಗೋಡೆಗೂ ಚೀಲಕ್ಕೂ ನಡುವೆ ನಾಲ್ಕು ಬೆರಳು ಅಂತರ ಬಿಡಿ.

ನೆಲದ ಮೇಲೆ ನೇರವಾಗಿ ಇಡುವುದೂ ಒಳ್ಳೆಯದಲ್ಲ. ಕಾವಿ ನೆಲವಿರಲಿ, ಟೈಲ್ಸ್ ಇರಲಿ, ಮಳೆಗಾಲದಲ್ಲಿ ನೆಲ ಬೆವರುತ್ತದೆ. ಒಂದು ಗಿಡ್ಡ ಮಣೆ ಅಥವಾ ಪ್ಲಾಸ್ಟಿಕ್ ಸ್ಟೂಲ್ ಸಾಕು. ಗೆದ್ದಲು ಬರುವ ಮನೆಯಾದರೆ ಈ ಮಾತು ಇನ್ನೂ ಮುಖ್ಯ. ಸೆಣಬು, ಬಿದಿರು, ಹತ್ತಿ ಎಲ್ಲವೂ ಗೆದ್ದಲಿಗೆ ಊಟವೇ.

ಜಾಗ ಕಡಿಮೆ ಇರುವ ಬಾಡಿಗೆ ಮನೆಯಾದರೆ ಬಾಗಿಲಿನ ಹಿಂದೆ ನೇತುಹಾಕುವ ಚೀಲ ಬಹಳ ಒಳ್ಳೆಯದು. ನಾಲ್ಕೂ ಕಡೆಯಿಂದ ಗಾಳಿ ಸಿಗುತ್ತದೆ, ಗುಡಿಸಲಿಕ್ಕೂ ಸುಲಭ. ಆದರೆ ಅಂಟಿಸುವ ಹುಕ್ ನಂಬಬೇಡಿ. ನಾಲ್ಕು ಕಿಲೋ ಬಟ್ಟೆ, ಮೇಲಿಂದ ಮಳೆಗಾಲದ ತೇವ, ಅಂಟು ಬಿಟ್ಟುಹೋಗುತ್ತದೆ. ಸ್ಕ್ರೂ ಹಾಕುವ ಸ್ಟೀಲ್ ಹುಕ್ ಹಾಕಿಸಿ. ಇಲ್ಲವಾದರೆ ಬಾಗಿಲಿನ ಮೇಲಂಚಿಗೆ ಸಿಕ್ಕಿಸುವ ಹುಕ್ ತನ್ನಿ.

ಮೂರನೆಯದು: ಯಾವ ಬಟ್ಟೆಯ ಚೀಲ?

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಅಂಗಡಿಯಲ್ಲಿ ಎಲ್ಲವೂ ಹೊಸತಾಗಿ ಹೊಳೆಯುತ್ತಿರುತ್ತವೆ. ಯಾವುದು ಒಂದು ಮಳೆಗಾಲ ಕಳೆದು ಉಳಿಯುತ್ತದೆ ಎನ್ನುವುದು ನೂಲಿನಲ್ಲಿ ಮತ್ತು ಲೇಪದಲ್ಲಿ ಇರುತ್ತದೆ.

ಎಲ್ಲಕ್ಕಿಂತ ಅಗ್ಗ ನಾನ್‌ವೋವನ್ ಚೀಲ. ಬಟ್ಟೆಯ ಹಾಗೆ ಕಂಡರೂ ಇದು ನೇಯ್ದದ್ದಲ್ಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಎಳೆಗಳನ್ನು ಒತ್ತಿ ಅಂಟಿಸಿರುತ್ತಾರೆ. ಗಾಳಿಯಾಡುತ್ತದೆ, ಬೂಸ್ಟು ಬೇಗ ಹಿಡಿಯುವುದಿಲ್ಲ. ದೋಷವೆಂದರೆ ಬಿಸಿಲು. ಬಿಸಿಲು ಬೀಳುವ ಕಡೆ ಇಟ್ಟರೆ ಪಾಲಿಪ್ರೊಪಿಲೀನ್ ಶಕ್ತಿ ಕಳೆದುಕೊಂಡು ಪುಡಿಪುಡಿಯಾಗಿ ಉದುರುತ್ತದೆ. ಹೊಲಿಗೆಯ ಕಡೆ ಬೇಗ ಹರಿಯುತ್ತದೆ. ಹಾಸ್ಟೆಲ್‌ಗೆ ಹೋಗುವ ಮಕ್ಕಳಿಗೆ ಒಂದು ವರ್ಷದ ಮಟ್ಟಿಗೆ ಪರವಾಗಿಲ್ಲ. ಮನೆಗೆ ಬೇಡ ಎನ್ನುವುದು ನನ್ನ ಅಭಿಪ್ರಾಯ.

ಆನ್‌ಲೈನಿನಲ್ಲಿ ಹೆಚ್ಚು ಕಾಣುವುದು ಪಾಲಿಯೆಸ್ಟರ್ ಬಟ್ಟೆಗೆ ಒಳಗಿನಿಂದ ಲೇಪ ಹಾಕಿದ, ನೀರು ತಾಗದ ಚೀಲ. ಫೋಟೋದಲ್ಲಿ ತುಂಬಾ ಅಚ್ಚುಕಟ್ಟು. ನೀರು ಒಳಗೆ ಹೋಗುವುದಿಲ್ಲ ಎಂದು ಹೊಗಳುತ್ತಾರೆ. ಒಳಗಿನ ತೇವ ಹೊರಗೆ ಬರುವುದೂ ಇಲ್ಲವಲ್ಲ! ಇನ್ನೊಂದು ವಿಷಯವೂ ಉಂಟು. ಆ ಲೇಪ ಹೆಚ್ಚಾಗಿ ಪಾಲಿಯುರಿಥೇನ್. ಅದರ ಕೆಲವು ಬಗೆಗಳು ಗಾಳಿಯ ತೇವದಿಂದಲೇ ನಿಧಾನವಾಗಿ ಕಳಚಿಕೊಳ್ಳುತ್ತವೆ. ಮೊದಲು ಅಂಟಂಟಾಗುತ್ತದೆ, ಆಮೇಲೆ ಹೊಪ್ಪಳೆಯ ಹಾಗೆ ಎದ್ದು ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ಹಳೆಯ ಕೊಡೆಯ ಚೀಲ, ರೆಕ್ಸಿನ್ ಬ್ಯಾಗ್ ಕಪಾಟಿನಲ್ಲಿ ಇಟ್ಟಲ್ಲೇ ಹಾಳಾಗುವುದೂ ಎಷ್ಟೋ ಸಲ ಇದೇ ಕಾರಣಕ್ಕೆ. ಒಣಹವೆಯ ಊರಿನವರು ಇಂಥ ಚೀಲ ಚೆನ್ನಾಗಿದೆ ಎಂದು ಬರೆದದ್ದನ್ನು ಓದಿ ನಾವು ತರಿಸಬಾರದು.

ಸೆಣಬು ನೋಡಲಿಕ್ಕೆ ಬಹಳ ಚಂದ. ಆದರೆ ಅದು ತೇವವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಮಳೆಗಾಲದಲ್ಲಿ ಅದಕ್ಕೇ ಮೊದಲು ಬೂಸ್ಟು. ಒರಟಾದ ನಾರು ನೈಲಾನ್ ಸೀರೆ, ಚೂಡಿದಾರದ ವೇಲಿಗೆ ಸಿಕ್ಕಿಕೊಂಡು ಎಳೆ ಎದ್ದುಬರುತ್ತದೆ. ಮನೆಯಲ್ಲಿ ಅಡಿಕೆ ತುಂಬಿಸುವ ಗೋಣಿ ಹೇಗೂ ಇದೆ, ಅದರಲ್ಲೇ ಹೊಲಿಯೋಣ ಎಂದು ಕೆಲವರು ಹೊರಡುತ್ತಾರೆ. ಗೋಣಿಯ ನೂಲು ಮೆದುವಾಗಲು ಮಿಲ್ಲುಗಳಲ್ಲಿ ಖನಿಜ ಎಣ್ಣೆ ಹಾಕುವ ಪದ್ಧತಿ ಇದೆ. ಸೀಮೆಎಣ್ಣೆಯಂಥ ಆ ವಾಸನೆ ಅದರಿಂದಲೇ. ಸೆಣಬು ಬೇಕೇ ಬೇಕು ಎಂದಾದರೆ ಒಳಗೆ ಹಳೆಯ ಬಿಳಿ ಮುಂಡಿನ ಅಸ್ತರಿ ಬೇಕು. ಅದು ಬಿಚ್ಚಿ ತೊಳೆಯುವಂತಿರಬೇಕು.

ಬೆತ್ತ, ಬಿದಿರಿನ ಬುಟ್ಟಿಗೆ ಗಾಳಿಯ ವಿಷಯದಲ್ಲಿ ಎದುರಿಲ್ಲ. ನಮ್ಮ ಹಳೆಯ ಮನೆಗಳಲ್ಲಿ ಇದ್ದದ್ದೂ ಬುಟ್ಟಿಯೇ. ಈಗ ನಯವಾಗಿ ಹೆಣೆದ ಬೆತ್ತದ ಬುಟ್ಟಿ ಅಗ್ಗವಲ್ಲ, ಸಿಗುವುದೂ ಅಪರೂಪ. ಬಿದಿರಿನದು ಕೊಳ್ಳುವುದಾದರೆ ಸಣ್ಣ ತೂತು, ಹಳದಿ ಪುಡಿ ಇದೆಯೇ ನೋಡಿ. ಇದ್ದರೆ ಕುಟ್ಟೆ ಹಿಡಿದಿದೆ ಎಂದರ್ಥ. ಒಳಗೆ ಕೈ ಆಡಿಸಿ, ಸಿಬಿರು ಚುಚ್ಚಿದರೆ ಅದು ಬಟ್ಟೆಯನ್ನೂ ಹರಿಯುತ್ತದೆ. ಚಿಕ್ಕ ಮಕ್ಕಳಿರುವ ಮನೆಗೂ ಬೇಡ.

ನೈಲಾನ್ ಬಲೆಯ ಚೀಲ ಬಹಳ ಅಗ್ಗ, ಪೂರ್ತಿ ಗಾಳಿ, ತೊಳೆದರೆ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಮಳೆಗಾಲಕ್ಕೆ ಇದರಷ್ಟು ಕೆಲಸಕ್ಕೆ ಬರುವುದು ಬೇರೆ ಇಲ್ಲ. ಒಳಗಿನ ಬಟ್ಟೆಯೆಲ್ಲ ಕಾಣುತ್ತದೆ ಎನ್ನುವುದೊಂದೇ ಅಡ್ಡಿ. ಚಾವಡಿಗೆ ನೆಂಟರು ಬರುವ ಮನೆಯಲ್ಲಿ ಅದನ್ನು ಒಳಕೋಣೆಯಲ್ಲಿ ಇಡಬೇಕಾದೀತು.

ನನ್ನ ಆಯ್ಕೆ ಹತ್ತಿಯ ಕ್ಯಾನ್ವಾಸ್. ಲೇಪ ಇಲ್ಲದ, 250ರಿಂದ 350 ಜಿಎಸ್‌ಎಂ ದಪ್ಪದ್ದು. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ. 250ಕ್ಕಿಂತ ತೆಳುವಾದರೆ ಚೀಲ ನೆಟ್ಟಗೆ ನಿಲ್ಲದೆ ಕುಸಿಯುತ್ತದೆ. 400 ದಾಟಿದರೆ ಒಗೆದ ಮೇಲೆ ಒಣಗುವುದು ಕಷ್ಟ. ಹತ್ತಿಗೂ ಬೂಸ್ಟು ಹಿಡಿಯುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಹತ್ತಿಯನ್ನು ಬಿಸಿನೀರಿನಲ್ಲಿ ಒಗೆಯಬಹುದು, ಕಲ್ಲಿಗೆ ಹಾಕಿ ಉಜ್ಜಬಹುದು, ಬಿಸಿಲಿಗೆ ಒಣಗಿಸಬಹುದು. ಬೇರೆ ಬಗೆಯವನ್ನು ಹೀಗೆ ಪದೇ ಪದೇ ಹೊಸತು ಮಾಡಲಿಕ್ಕಾಗುವುದಿಲ್ಲ. ಮೇಲ್ಭಾಗ ಕ್ಯಾನ್ವಾಸ್, ಪಕ್ಕದಲ್ಲಿ ಒಂದು ಪಟ್ಟಿ ಬಲೆ ಇರುವ ಚೀಲ ಸಿಕ್ಕಿದರೆ ಯೋಚನೆ ಮಾಡದೆ ತೆಗೆದುಕೊಳ್ಳಿ.

ನಾಲ್ಕನೆಯದು: ಅಂಗಡಿಯಲ್ಲಿ ನಿಂತೇ ಮಾಡುವ ಪರೀಕ್ಷೆ

ಐದು ನಿಮಿಷದ ಕೆಲಸ. ಜತೆಗೆ ಒಂದು ಬಿಳಿ ಕರವಸ್ತ್ರ, ಸ್ವಲ್ಪ ನೀರು, ಫ್ರಿಜ್‌ಗೆ ಅಂಟಿಸುವ ಪುಟ್ಟ ಅಯಸ್ಕಾಂತ ಇದ್ದರೆ ಸಾಕು.

ಮೊದಲು ಊದಿ ನೋಡಿ. ಚೀಲದ ಬಟ್ಟೆಯನ್ನು ಒಂದೇ ಪದರವಾಗಿ ಬಾಯಿಗೆ ಹಿಡಿದು ಊದಿ, ಆ ಕಡೆ ಅಂಗೈ ಇಡಿ. ಉಸಿರು ಅಂಗೈಗೆ ತಾಗಿದರೆ ಗಾಳಿಯಾಡುತ್ತದೆ. ಗಲ್ಲ ಉಬ್ಬಿದರೂ ಏನೂ ದಾಟದಿದ್ದರೆ ಒಳಗೆ ಲೇಪ ಉಂಟು, ಅಲ್ಲೇ ಇಟ್ಟುಬಿಡಿ.

ಕರವಸ್ತ್ರವನ್ನು ಒದ್ದೆ ಮಾಡಿ ಚೀಲದ ಒಳಬದಿಗೆ ಹತ್ತು ಸಲ ಗಟ್ಟಿಯಾಗಿ ಉಜ್ಜಿ. ಬಣ್ಣ ಬಂದರೆ ನಿಮ್ಮ ಬೆವರಿನ ಬನಿಯನ್‌ಗೂ ಆ ಬಣ್ಣ ಹತ್ತುತ್ತದೆ. ಕಡುನೀಲಿ, ಕಡುಕೆಂಪು, ಕಪ್ಪು ಚೀಲಗಳಿಗೆ ಈ ಪರೀಕ್ಷೆ ಮಾಡಲೇಬೇಕು. ಅಂಗಡಿಯವರು ಬೇಸರಿಸಬಹುದು ಎಂದು ಸಂಕೋಚ ಬೇಡ. ಅಣ್ಣಾ, ಒಂದು ಸಲ ನೋಡ್ತೇನೆ ಎಂದರೆ ಯಾರೂ ಬೇಡ ಅನ್ನುವುದಿಲ್ಲ.

ಅಯಸ್ಕಾಂತ ಯಾಕೆ? ಚೀಲ ನೆಟ್ಟಗೆ ನಿಲ್ಲಲು ಬಾಯಿಗೆ ತಂತಿ ಹಾಕಿರುತ್ತಾರೆ, ಹಗ್ಗ ಹಾಯಲು ಲೋಹದ ಬಳೆಗಳಿರುತ್ತವೆ. ಅಯಸ್ಕಾಂತ ಅಂಟಿದರೆ ಅದು ಕಬ್ಬಿಣದ್ದಿರುವ ಸಾಧ್ಯತೆ ಜಾಸ್ತಿ. ಸಮುದ್ರದ ಉಪ್ಪು ಗಾಳಿ ಬೀಸುವ ಕುಂಬಳೆ, ಉಪ್ಪಳ, ಕಾಸರಗೋಡು ಪೇಟೆಯ ಮನೆಗಳಲ್ಲಿ ಅದು ಬೇಗ ತುಕ್ಕು ಹಿಡಿಯುತ್ತದೆ. ತುಕ್ಕಿನ ಕಲೆ ಸೋಪಿಗೆ ಹೋಗುವುದಿಲ್ಲ. ಹೊಸತಾಗಿ ತಾಗಿದ ಕಲೆಗೆ ನಿಂಬೆರಸ, ಉಪ್ಪು ಹಾಕಿ ಬಿಸಿಲಿಗೆ ಇಟ್ಟರೆ ಬಿಳಿ ಹತ್ತಿಯಲ್ಲಿ ಸ್ವಲ್ಪ ಮಾಸುತ್ತದೆ, ಬಣ್ಣದ ಬಟ್ಟೆಗೆ ಈ ಉಪಾಯ ಬೇಡ. ಹಿತ್ತಾಳೆಯ ಬಳೆ, ಪ್ಲಾಸ್ಟಿಕ್ ಕಡ್ಡಿ, ಬಿಚ್ಚಿ ತೆಗೆಯಬಹುದಾದ ತಂತಿ ಇರುವಂಥದ್ದು ನೋಡಿ.

ಹಿಡಿಕೆಯನ್ನು ಎಳೆದು ನೋಡಿ. ಒಂದು ಗೆರೆ ಹೊಲಿಗೆ ಮಾತ್ರ ಇದ್ದರೆ ಸಾಲದು. ಚೌಕ ಹೊಲಿದು ಅದರೊಳಗೆ ಅಡ್ಡಡ್ಡ ಗುಣಾಕಾರದ ಗುರುತು ಹೊಲಿದಿದ್ದರೆ ಭಾರ ತಡೆಯುತ್ತದೆ. ಒಗೆಯುವ ಕಲ್ಲು ಅಂಗಳದ ಆಚೆ ಕೊನೆಯಲ್ಲಿದ್ದರೆ, ಅಥವಾ ಮೆಷಿನ್ ಮೇಲಿನ ಮಾಳಿಗೆಯಲ್ಲಿದ್ದರೆ, ಹಿಡಿಕೆಯೇ ಚೀಲದ ಜೀವ. ಕೊನೆಗೆ ಚೀಲದೊಳಗೆ ಮೂಗಿಟ್ಟು ಮೂಸಿ. ಹೊಸತರಲ್ಲೇ ಕಟುವಾದ ವಾಸನೆ ಬಂದರೆ ಬೇಡ.

ತೋಟದ ಬಟ್ಟೆಗೆ ಬೇರೆಯೇ ಇರಲಿ

ಪಟ್ಟಣದವರ ಸಲಹೆಗಳಲ್ಲಿ ಬಿಳಿದಕ್ಕೊಂದು, ಬಣ್ಣದ್ದಕ್ಕೊಂದು ಚೀಲ ಎನ್ನುತ್ತಾರೆ. ನಮ್ಮ ಅಡಿಕೆ ತೋಟದ ಮನೆಗಳಲ್ಲಿ ಅದಕ್ಕಿಂತ ಮುಖ್ಯವಾದ ವಿಂಗಡಣೆ ಬೇರೆ. ತೋಟಕ್ಕೆ ಉಡುವ ಬಟ್ಟೆ ಮನೆಯ ಬಟ್ಟೆಯ ಜತೆ ಒಂದೇ ಚೀಲಕ್ಕೆ ಬೀಳಬಾರದು.

ಕಾರಣ ಹಲವು. ಬಾಳೆಯ ಸೊನೆ, ಹಸಿ ಅಡಿಕೆಯ ಚೊಗರು ಹಸಿಯಿದ್ದಾಗ ಪಕ್ಕದ ಬಟ್ಟೆಗೂ ತಾಗಿ ಕಂದು ಕಲೆ ಮಾಡುತ್ತದೆ. ಮಳೆಗಾಲದಲ್ಲಿ ಲುಂಗಿಯ ಮಡಿಕೆಯಲ್ಲಿ ಉಂಬಳ, ಇರುವೆ ಮನೆಗೆ ಬರುತ್ತವೆ. ಇನ್ನೊಂದು, ಎಲ್ಲಕ್ಕಿಂತ ಮುಖ್ಯವಾದದ್ದು ಮದ್ದು ಬಿಡುವಾಗ ಹಾಕಿದ ಬಟ್ಟೆ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು, ಸುಣ್ಣ ಇರುತ್ತದೆ. ಆ ಬಟ್ಟೆಯನ್ನು ಮಗುವಿನ ಅಂಗಿಯ ಜತೆ ಹಾಕಿಡುವುದು ಸರಿಯಲ್ಲ. ಬೇರೆ ಕೀಟನಾಶಕ ಬಿಟ್ಟಿದ್ದರಂತೂ ಆ ಬಟ್ಟೆ ಚೀಲಕ್ಕೇ ಬರಬಾರದು. ಹೊರಗೇ ಕಳಚಿ, ಬೇರೆ ಬಕೆಟ್‌ನಲ್ಲಿ ಅದೇ ದಿನ ಒಗೆಯಬೇಕು. ಒಗೆಯುವವರು ಕೈಗೆ ಗ್ಲೌಸ್ ಹಾಕಿಕೊಳ್ಳಲಿ.

ತೋಟದ ಬಟ್ಟೆಗೆ ಚಂದದ ಚೀಲ ಬೇಕಾಗಿಲ್ಲ. ತೂತಿರುವ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ಅಬ್ಬಿಕೊಟ್ಟಿಗೆಯ, ಅಂದರೆ ಬಚ್ಚಲುಮನೆಯ, ಹೊರಗೆ, ಮಳೆ ಎರಚಲು ಬೀಳದಲ್ಲಿ ಇಡಿ. ಮಣ್ಣು ಉದುರಿ ಕೆಳಗೆ ಬೀಳುತ್ತದೆ, ವಾರಕ್ಕೊಮ್ಮೆ ಬುಟ್ಟಿಗೆ ನೀರು ಹೊಯ್ದರೆ ಆಯಿತು. ಬಟ್ಟೆಯನ್ನು ಕೊಡವಿ, ಮಡಿಕೆ ಬಿಡಿಸಿ ಹಾಕಬೇಕು. ರಬ್ಬರ್ ಟ್ಯಾಪಿಂಗ್ ಮಾಡುವವರ ಬಟ್ಟೆಯೂ ಇದಕ್ಕೇ ಸೇರಬೇಕು. ರಬ್ಬರ್ ಹಾಲು ಯಾವ ಬಟ್ಟೆಗೆ ಅಂಟಿದರೂ ಒಣಗಿದ ಮೇಲೆ ಬಿಡುವುದಿಲ್ಲ.

ಇನ್ನು ಚಂದ

ಚೀಲ ಎಲ್ಲಿರುತ್ತದೆಯೋ ಆ ಗೋಡೆಯ ಮುಂದೆ ನಿಂತು ನೋಡಿ. ಕಾವಿ ನೆಲ, ಮರದ ಬಾಗಿಲು ಇರುವ ಹಳೆ ಮನೆಗೆ ಕೋರಾ ಬಣ್ಣದ, ಅಂದರೆ ಬಣ್ಣ ಹಾಕದ ಕ್ಯಾನ್ವಾಸ್ ಬಹಳ ಒಪ್ಪುತ್ತದೆ. ಅಂಚಿಗೆ ಒಂದು ಕೆಂಪು ಪಟ್ಟಿ ಇದ್ದರೆ ನೆಲದ ಬಣ್ಣಕ್ಕೆ ಕೂಡುತ್ತದೆ. ಬಿಳಿ ಟೈಲ್ಸಿನ ಹೊಸ ಮನೆಗೆ ಎಲೆಹಸಿರು, ಬೂದುನೀಲಿಯಂಥ ಮಂದ ಬಣ್ಣ ಚೆನ್ನಾಗಿ ಕಾಣುತ್ತದೆ. ಅಚ್ಚಬಿಳಿ ಬೇಡ, ಕೆಮ್ಮಣ್ಣಿನ ಊರಿನಲ್ಲಿ ಅದು ನಿಲ್ಲುವುದಿಲ್ಲ. ದೊಡ್ಡ ಹೂವಿನ ಪ್ರಿಂಟ್ ಅಂಗಡಿಯಲ್ಲಿ ಕಣ್ಣು ಸೆಳೆಯುತ್ತದೆ, ಚಿಕ್ಕ ಕೋಣೆಯಲ್ಲಿ ಗಿಜಿಗಿಜಿ ಎನ್ನಿಸುತ್ತದೆ. ಸಣ್ಣ ಚೌಕಳಿ, ತೆಳು ಗೆರೆ ಇದ್ದರೆ ಕೊಳೆಯೂ ಎದ್ದು ಕಾಣುವುದಿಲ್ಲ, ನೋಡಿ ನೋಡಿ ಬೇಸರವೂ ಬರುವುದಿಲ್ಲ.

ಪ್ಲಾಸ್ಟಿಕ್ ಪ್ರಿಂಟ್ ಇರುವ ಬರಹ, ಚಿತ್ರಗಳನ್ನು ನಾನು ಆರಿಸುವುದಿಲ್ಲ. ನಾಲ್ಕು ಸಲ ಒಗೆದರೆ ಬಿರುಕು ಬಿಡುತ್ತವೆ. ಬಣ್ಣದ ಚಂದ ನೂಲಿನಲ್ಲೇ ಇರಬೇಕು. ಕಾಸರಗೋಡು ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಕೈಮಗ್ಗದ ಆ ಹತ್ತಿ ಸೀರೆಯ ಗೆರೆ, ಚೌಕಳಿಗಳನ್ನು ನೋಡಿದರೆ ಬಣ್ಣ ಹೇಗೆ ಕೂಡಿಸಬೇಕು ಎನ್ನುವುದು ತಿಳಿಯುತ್ತದೆ. ಮನೆಯಲ್ಲಿ ಹಳೆಯದೊಂದು ಹರಿದ ಕೈಮಗ್ಗದ ಸೀರೆ ಇದ್ದರೆ ಅದರ ಅಂಚನ್ನು ಎಸೆಯಬೇಡಿ. ಮುಂದೆ ಹೊಲಿಯುವಾಗ ಬೇಕಾಗುತ್ತದೆ.

ಎಷ್ಟು ಕೊಡಬಹುದು, ಎಲ್ಲಿ ಕೊಳ್ಳಬಹುದು?

ಬೆಲೆಯನ್ನು ವರ್ಷದ ಲೆಕ್ಕದಲ್ಲಿ ನೋಡಿ. ₹200ರ ಚೀಲ ಒಂದು ಮಳೆಗಾಲಕ್ಕೆ ಹರಿದರೆ ವರ್ಷಕ್ಕೆ ₹200 ಖರ್ಚು. ₹600ರ ಕ್ಯಾನ್ವಾಸ್ ನಾಲ್ಕು ವರ್ಷ ಬಂದರೆ ವರ್ಷಕ್ಕೆ ₹150. ದುಬಾರಿಯದ್ದೇ ಅಗ್ಗವಾಯಿತು. ಹಾಗೆಂದು ಸಾವಿರ ದಾಟಬೇಕಾಗಿಲ್ಲ. ಆ ದುಡ್ಡು ಹೆಚ್ಚಾಗಿ ಮುಚ್ಚಳ, ಚಕ್ರ, ಚೌಕಟ್ಟಿಗೆ ಹೋಗುತ್ತದೆ. ಮುಚ್ಚಳ ನಮಗೆ ಬೇಡವೇ ಬೇಡ, ಅದು ಗಾಳಿಗೆ ಅಡ್ಡ.

ಕೈಯಲ್ಲಿ ಮುಟ್ಟಿ ಕೊಳ್ಳುವುದು ಒಳ್ಳೆಯದು. ಕಾಸರಗೋಡು ಪೇಟೆಯಲ್ಲೋ ಮಂಗಳೂರಿನಲ್ಲೋ ಬೇರೆ ಕೆಲಸಕ್ಕೆ ಹೋದಾಗ ಎರಡು ಅಂಗಡಿ ನೋಡಿ ಬನ್ನಿ. ಕೇರಳದ ಕುಟುಂಬಶ್ರೀ 1998ರಲ್ಲಿ ಶುರುವಾದ ಹೆಂಗಸರ ಸಂಘಟನೆ. ಅದರ ಹೊಲಿಗೆ ಘಟಕಗಳು ಬಟ್ಟೆಯ ಚೀಲ ಮಾಡುತ್ತವೆ. ಓಣಂ ಹೊತ್ತಿನ ಮೇಳಗಳಲ್ಲಿ ಅವರನ್ನು ಕಾಣಬಹುದು. ಅಳತೆ ಬರೆದುಕೊಟ್ಟು ಹೀಗೊಂದು ಬೇಕು ಅಕ್ಕ ಎಂದು ಕೇಳಿ ನೋಡಿ. ಆನ್‌ಲೈನಿನಲ್ಲಿ ತರಿಸುವುದಾದರೆ ಫೋಟೋ ನಂಬದೆ ಸೆಂಟಿಮೀಟರ್ ಓದಿ. ವಾಟರ್‌ಪ್ರೂಫ್ ಎಂಬ ಮಾತು ಕಂಡರೆ ಮುಂದಕ್ಕೆ ಹೋಗಿ. ವಾಪಸು ಕೊಡುವ ಅವಕಾಶ ಇರುವುದನ್ನೇ ಆರಿಸಿ, ಬಂದ ಕೂಡಲೇ ಊದುವ ಪರೀಕ್ಷೆ ಮಾಡಿ.

ಮನೆಯಲ್ಲೇ ಹೊಲಿಯುವುದಾದರೆ

ಹೊಲಿಗೆ ಮೆಷಿನ್ ಇದ್ದರೆ, ಇಲ್ಲವೇ ಪಕ್ಕದಲ್ಲಿ ಟೈಲರ್ ಅಕ್ಕ ಇದ್ದರೆ, ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅಳತೆ ನಿಮ್ಮದು, ಬಣ್ಣ ನಿಮ್ಮದು.

44 ಇಂಚು ಪನ್ನದ ಹತ್ತಿ ಕ್ಯಾನ್ವಾಸ್ ಒಂದೂಕಾಲು ಮೀಟರ್ ತನ್ನಿ. ಕತ್ತರಿಸುವ ಮೊದಲು ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿ. ಹೊಸ ಹತ್ತಿ ನೂರಕ್ಕೆ ನಾಲ್ಕೈದು ಪಾಲು ಕುಗ್ಗುತ್ತದೆ. 112 ಸೆಂಟಿಮೀಟರ್ ಅಗಲದ ಬಟ್ಟೆ 107ಕ್ಕೆ ಇಳಿಯಬಹುದು. ಈ ಅಳತೆ ಅದನ್ನು ಲೆಕ್ಕಕ್ಕೆ ಹಿಡಿದೇ ಮಾಡಿದ್ದು.

ಚೀಲದ ಅಗಲ 33 ಸೆಂಟಿಮೀಟರ್, ಎತ್ತರ 50. ಹಿಡಿಯುವುದು ಸುಮಾರು 43 ಲೀಟರ್. ಮೈಗೆ 107 ಅಗಲ, 58 ಎತ್ತರದ ಒಂದು ತುಂಡು ಕತ್ತರಿಸಿ. ತಳಕ್ಕೆ 36 ಸೆಂಟಿಮೀಟರ್ ಅಗಲದ ದುಂಡು ತುಂಡು. ಉಳಿದ ಬಟ್ಟೆಯಲ್ಲಿ 10 ಅಗಲ, 50 ಉದ್ದದ ಎರಡು ಪಟ್ಟಿ ಹಿಡಿಕೆಗೆ.

ಮೊದಲು ಹಿಡಿಕೆಯ ಪಟ್ಟಿಗಳನ್ನು ಉದ್ದಕ್ಕೆ ನಾಲ್ಕು ಪದರ ಮಡಚಿ ಎರಡೂ ಅಂಚಿಗೆ ಹೊಲಿಯಿರಿ. ಮೈ ತುಂಡು ಇನ್ನೂ ಚಪ್ಪಟೆಯಾಗಿರುವಾಗಲೇ ಎದುರುಬದುರಾಗಿ ಹಿಡಿಕೆ ಕೂರಿಸಿ, ಮೇಲಂಚಿನಿಂದ 10 ಸೆಂಟಿಮೀಟರ್ ಕೆಳಗೆ. ಚೌಕ ಮತ್ತು ಗುಣಾಕಾರದ ಹೊಲಿಗೆ ಹಾಕಿ. ಹಳೆ ಸೀರೆಯ ಅಂಚನ್ನು ಕೂರಿಸುವುದೂ ಈಗಲೇ. ದುಂಡಾದ ಮೇಲೆ ಮೆಷಿನ್ನಿನ ಕೆಳಗೆ ತಿರುಗಿಸುವುದು ಕಷ್ಟ.

ಆಮೇಲೆ ಪಕ್ಕದ ಎರಡು ಅಂಚು ಸೇರಿಸಿ ಒಂದೂವರೆ ಸೆಂಟಿಮೀಟರ್ ಒಳಗೆ ಹೊಲಿಯಿರಿ. ಮೇಲಿನ 6 ಸೆಂಟಿಮೀಟರ್ ಮಾತ್ರ ಹೊಲಿಯದೆ ಬಿಡಿ, ಹಗ್ಗ ಹಾಯುವುದು ಅಲ್ಲಿಂದ. ಆ ಬಿಟ್ಟ ಅಂಚುಗಳನ್ನು ಒಳಗೆ ಮಡಚಿ ಹೊಲಿದು, ಬಾಯಿಯನ್ನು ಒಳಮಡಚಿ ಸುತ್ತ ಹೊಲಿದರೆ ನಾಳ ಸಿದ್ಧ. ತಳ ಕೂರಿಸುವಾಗ ದುಂಡನ್ನೂ ಮೈಯ ಕೆಳಂಚನ್ನೂ ನಾಲ್ಕು ಸಮಭಾಗ ಮಾಡಿ ಸೀಮೆಸುಣ್ಣದ ಗುರುತು ಹಾಕಿ. ಗುರುತಿಗೆ ಗುರುತು ಸೇರಿಸಿ ಪಿನ್ ಚುಚ್ಚಿ. ಮೈಯ ಅಂಚಿಗೆ ಒಂದೊಂದು ಇಂಚಿಗೆ ಒಂದು ಸೆಂಟಿಮೀಟರ್ ಆಳದ ಕಚ್ಚು ಹಾಕಿದರೆ ಬಟ್ಟೆ ಸುಕ್ಕಾಗದೆ ತಿರುಗುತ್ತದೆ. ತಳಕ್ಕೆ ಎರಡು ಸುತ್ತು ಹೊಲಿಗೆ ಬೇಕು.

ಗಾಳಿ ಇನ್ನೂ ಜಾಸ್ತಿ ಬೇಕೆಂದರೆ ತಳದ ದುಂಡನ್ನು ಕ್ಯಾನ್ವಾಸ್ ಬದಲು ದಪ್ಪ ನೈಲಾನ್ ಬಲೆಯಲ್ಲಿ ಮಾಡಿ ನೇತುಹಾಕಿ. ತೇವ ಕೆಳಗಿನಿಂದ ಹೊರಟುಹೋಗುತ್ತದೆ. ಎರಡೂ ಬದಿ ಬಲೆ ಹಾಕುವುದಕ್ಕಿಂತ ಇದು ಸುಲಭ, ಒಳಗಿನದ್ದು ಹೊರಗೆ ಕಾಣುವುದೂ ಇಲ್ಲ.

ಚೀಲ ಬಾಳಿಕೆ ಬರಬೇಕಾದರೆ

ಚಂಡಿ ಬೈರಾಸು ಚೀಲಕ್ಕೆ ಹಾಕಬಾರದು. ಇದೊಂದು ಅಭ್ಯಾಸವಾದರೆ ಅರ್ಧ ಕೆಲಸ ಮುಗಿಯಿತು. ಒದ್ದೆಯಾದದ್ದನ್ನು ಮೊದಲು ಹಗ್ಗಕ್ಕೋ ಕಂಬಿಗೋ ಹರಡಿ, ನೀರಿನ ಪಸೆ ಆರಿದ ಮೇಲೆ ಚೀಲಕ್ಕೆ ಹಾಕಿ. ಮಕ್ಕಳ ಶಾಲೆಯ ಸಾಕ್ಸ್‌ಗೂ ಇದೇ ನಿಯಮ.

ಮಳೆಗಾಲದಲ್ಲಿ ವಾರಕ್ಕೊಮ್ಮೆ ಚೀಲವನ್ನೂ ಬಟ್ಟೆಯ ಜತೆಗೇ ಒಗೆಯಿರಿ. ಒಳಮೈ ಹೊರಗೆ ತಿರುಗಿಸಿ ಒಣಗಿಸಿ. ಅಬ್ಬಿಕೊಟ್ಟಿಗೆಯಲ್ಲಿ ಸೌದೆ ಒಲೆ ಉರಿಯುವ ಮನೆಯಾದರೆ ಅದರ ಬೆಚ್ಚಗೆ ಬಹಳ ಉಪಯೋಗ. ಒಲೆಯಿಂದ ದೂರ, ಕಿಡಿ ಹಾರದ ಕಡೆ ನೇತುಹಾಕಿ. ಹೊಗೆ ನೇರ ತಾಗಿದರೆ ವಾಸನೆ ಉಳಿಯುತ್ತದೆ.

ಬೂಸ್ಟು ಬಂದೇಬಿಟ್ಟರೆ ಒಳಗೆ ಕೊಡವಬೇಡಿ, ಅದರ ಪುಡಿ ಮನೆಯೆಲ್ಲ ಹಾರುತ್ತದೆ, ದಮ್ಮು ಇರುವವರಿಗೆ ಉಸಿರು ಕಟ್ಟುತ್ತದೆ. ಹೊರಗೆ ಒಯ್ದು ಬ್ರಷ್‌ನಿಂದ ಉಜ್ಜಿ, ಬಿಸಿನೀರು ಸೋಪಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಕೋರಾ ಅಥವಾ ಬಿಳಿ ಹತ್ತಿಗೆ ಬ್ಲೀಚ್ ಬಳಸಬಹುದು, ಬಣ್ಣದ್ದಕ್ಕೆ ಬೇಡ. ವಿನಿಗರ್‌ನಿಂದಲೂ ಬೂಸ್ಟು ಹೋಗುತ್ತದೆ ಎಂದು ಕೇಳಿ ಎರಡನ್ನೂ ಒಟ್ಟಿಗೆ ಹಾಕಬೇಡಿ. ಬ್ಲೀಚ್‌ಗೆ ವಿನಿಗರ್ ಆಗಲಿ, ನಿಂಬೆರಸ ಆಗಲಿ, ಟಾಯ್ಲೆಟ್ ತೊಳೆಯುವ ಆ್ಯಸಿಡ್ ಆಗಲಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ವಿಷ.

ಕೈಲಾದರೆ ಒಂದೇ ಅಳತೆಯ ಎರಡು ಚೀಲ ಹೊಲಿಸಿಡಿ. ಒಂದು ಒಣಗುತ್ತಿರುವಾಗ ಇನ್ನೊಂದು ಕೆಲಸಕ್ಕೆ. ಮೇ ತಿಂಗಳ ಬಿಸಿಲು ಮುಗಿಯುವ ಮೊದಲು ಎರಡನ್ನೂ ಬಿಸಿನೀರಿನಲ್ಲಿ ಒಗೆದು ಚೆನ್ನಾಗಿ ಒಣಗಿಸಿ, ಹೊಲಿಗೆ ಸಡಿಲವಾದಲ್ಲಿ ಇನ್ನೊಂದು ಗೆರೆ ಹೊಲಿದು, ಬಾಯಿಯ ಹಗ್ಗ ಬದಲಿಸಿಬಿಡಿ.